ಎಕ್ಸ್ ಮೂರಾಗಬಾರದು

ಸಿದ್ದಾಪುರದಾಚೆ, ಕಾಫಿ ಕಣದ ಮೂಲೆ.
ತಕ್ಕಡಿ ಇಳಿಸಿ, ಚೆಕ್‌ರೋಲ್ ಮುಚ್ಚಿ,
ಆರಿದ ಚಹಾಕ್ಕೆ ಕೈ ಚಾಚಿದ್ದೆ.
ಸಜಿತ ಬಂದಳು. ಒಂಬತ್ತನೇ ಕ್ಲಾಸು.
ಬೆರಳ ಸಂದಿಯಲ್ಲಿ ಇನ್ನೂ ಹಣ್ಣಿನ ಅಂಟು,
ನೋಟ್‌ಬುಕ್ಕಿನಲ್ಲಿ ಟೀಚರ ಕೆಂಪು ಗೀರು.
"ರೈಟರೇ, ಇದು ಯಾಕೆ ತಪ್ಪು?"

ಮೇಲೆ ಎಕ್ಸ್ ವರ್ಗ ಮೈನಸ್ ಒಂಬತ್ತು,
ಕೆಳಗೆ ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು.
ಎರಡೂ ಕಡೆ ಎಕ್ಸ್ ವರ್ಗ ಕಂಡದ್ದೇ ತಡ
ಎರಡಕ್ಕೂ ಗೀಟು ಎಳೆದು
ಮಿಕ್ಕಿದ್ದನ್ನು ಉತ್ತರ ಅಂದುಬಿಟ್ಟಿದ್ದಾಳೆ.

ನಾನು ಪಿಯುಸಿಗೇ ನಿಂತವನು. ಆದರೂ ಇಷ್ಟು ಗೊತ್ತು.
ಎಕ್ಸ್‌ಗೆ ನಾಲ್ಕು ಹಾಕು ಅಂದೆ.
ಮೇಲೆ ಏಳು, ಕೆಳಗೆ ಎರಡು. ಮೂರೂವರೆ.
ಈಗ ನಿನ್ನ ಉತ್ತರಕ್ಕೆ ಹಾಕು.
ಹದಿನಾಲ್ಕರಲ್ಲಿ ಒಂಬತ್ತು, ಒಂದೂ ತುಂಬಲಿಲ್ಲ.
ಮೂರೂವರೆ ಕಿಲೋ ಕುಯ್ದವಳ ಹೆಸರಿಗೆ
ಮುಕ್ಕಾಲು ಕಿಲೋ ಕೂಡ ಬರೆಯದ ಹಾಗೆ.
ಥಟ್ಟನೆ ಹೊಳೆಯಿತು ಅವಳಿಗೆ.
ತೂಕದ ಮೋಸ ಲೈನ್‌ಮನೆಯ ಮಕ್ಕಳಿಗೆ
ಯಾರೂ ಹೇಳಿಕೊಡಬೇಕಿಲ್ಲ.

ಕೂಡಿ ಬೆರೆತ ಪದವನ್ನು ಹಾಗೆ ಹೊಡೆಯಬಾರದಮ್ಮ,
ಕುದಿದ ಸಾರಿನಿಂದ ಉಪ್ಪು ಹೆಕ್ಕಿದ ಹಾಗಾಗುತ್ತದೆ.
ಗುಣಿಸಿ ಜೊತೆ ಕೂತದ್ದನ್ನು ಮಾತ್ರ ಎಬ್ಬಿಸಬಹುದು.
ಮೊದಲು ಬಿಡಿಸು.
ಕಣದಿಂದ ಒಂದು ಹಣ್ಣು ಹೆಕ್ಕಿ ಹಿಸುಕಿದೆ.
ಎರಡು ಬೀಜ, ಚಪ್ಪಟೆ ಮೈಗೆ ಚಪ್ಪಟೆ ಮೈ.
ಒಂಬತ್ತೆಂದರೆ ಮೂರರ ವರ್ಗ, ಹಾಗಾಗಿ ಮೇಲೆ
ಎಕ್ಸ್ ಮೈನಸ್ ಮೂರು, ಎಕ್ಸ್ ಪ್ಲಸ್ ಮೂರು.
ಕೆಳಗೆ? ಗುಣಿಸಿದರೆ ಆರು, ಕೂಡಿದರೆ ಐದು.
ತುಟಿ ಅಲ್ಲಾಡಿತು. ಒಂದು, ಆರು... ಅಲ್ಲ.
"ಎಕ್ಸ್ ಮೈನಸ್ ಎರಡು! ಎಕ್ಸ್ ಮೈನಸ್ ಮೂರು!"
ಸುಮ್ಮನೆ ಅಂದರೇ ಇದನ್ನು ಬೀಜಗಣಿತ ಅಂತ?

ಎಕ್ಸ್ ವರ್ಗ ಪ್ಲಸ್ ಒಂಬತ್ತು ಬಂದರೆ, ಅಂದಳು.
ರಾಶಿ ಕೆದಕಿ ಒಂದು ಪೀಬೆರಿ ಹುಡುಕಿ ಕೊಟ್ಟೆ.
ದುಂಡಗೆ, ಒಂದೇ ಬೀಜ.
ಒಡೆಯುವುದಿಲ್ಲ. ಹಾಗೇ ಬಿಡು.

ಈಗ ಹೊಡಿ. ಮೇಲಿನ ಎಕ್ಸ್ ಮೈನಸ್ ಮೂರು, ಕೆಳಗಿನದೂ.
ಉಳಿದದ್ದು ಅಂಗೈಯಲ್ಲಿ ಹಿಡಿಯುವಷ್ಟು.
ಪುಸ್ತಕ ಮಡಚತೊಡಗಿದಳು.
ತಡಿ. ಪಕ್ಕದಲ್ಲಿ ಬರಿ: ಎಕ್ಸ್ ಮೂರಾಗಬಾರದು.
"ಅದನ್ನು ಹೊಡೆದಾಯಿತಲ್ಲ?"
ಹೊಡೆದದ್ದಕ್ಕೇ ಬರೆಯಬೇಕು.
ಮೂರು ಹಾಕಿದರೆ ಹೊಸದು ಆರು ಅನ್ನುತ್ತದೆ,
ಏನೂ ಆಗಿಲ್ಲವೆಂಬಂತೆ.
ಹಳೆಯದರಲ್ಲಿ ಮೇಲೂ ಸೊನ್ನೆ, ಕೆಳಗೂ ಸೊನ್ನೆ.
ಎರಡೂ ಆಗಬಾರದು ನಿಜ,
ಅದು ಛೇದದಲ್ಲೇ ನಿಂತು ತಾನೇ ಹೇಳಿಕೊಳ್ಳುತ್ತದೆ.
ಮೂರಿಗೆ ಹೇಳುವವರಿಲ್ಲ.
ಗ್ರಾಫು ಎಳೆದರೆ ಅಲ್ಲೊಂದು ತೂತು,
ಸೂಜಿಯಷ್ಟೂ ಇಲ್ಲ, ಕಣ್ಣಿಗೆ ಕಾಣುವುದಿಲ್ಲ.

ಸುಮ್ಮನೆ ನೋಡಿದಳು. ಆಮೇಲೆ,
"ಅಮ್ಮಿಣಿ ಅತ್ತೆ ಹೆಸರು ಹೊಡೆದಿರಲ್ಲ,
ಅದರ ಪಕ್ಕ ಏನು ಬರೆದಿದ್ದೀರಿ?"

ಹೋದ ಶನಿವಾರ.
ಆಳಿನ ಪಟ್ಟಿಯಲ್ಲಿ ಒಂದು ಗೀಟು, ಕೂಲಿ ಪಟ್ಟಿಯಲ್ಲಿ ಒಂದು.
ಮೇಲೂ ಹೋದಳು, ಕೆಳಗೂ ಹೋದಳು,
ಲೆಕ್ಕ ತಾಳೆಯಾಯಿತು.
ಧಣಿಗಳು ನೋಡಿ ಅಚ್ಚುಕಟ್ಟು ಅಂದರು.
ಮೂಟೆ ಹೊತ್ತು ದರೆ ಇಳಿಯುವಾಗ ಜಾರಿ
ಸೊಂಟ ಹಿಡಿದು ಮಲಗಿದ್ದಾಳೆಂಬುದು
ನನ್ನ ಯಾವ ಸಾಲಿನಲ್ಲೂ ಇರಲಿಲ್ಲ.
ಆ ದಿನದ ಮೂಟೆಯ ತೂಕ ಮಾತ್ರ ಇತ್ತು. ಮೂವತ್ತೆಂಟು.

ಅಷ್ಟರಲ್ಲಿ ಮೊಬೈಲು ಗುಯ್‌ಗುಟ್ಟಿತು.
ಮೇಲಿನ ಕೆರೆ ಹತ್ತಿರ ಆನೆ, ಮರಿಯೂ ಇದೆ.
ಓಡು, ಕತ್ತಲಾಗುವ ಮೊದಲು ಲೈನಿಗೆ ಸೇರು ಅಂದೆ.
ಪೀಬೆರಿ ಮುಷ್ಟಿಯಲ್ಲೇ ಇತ್ತು, ಕೊಡಲಿಲ್ಲ.

ಚೆಕ್‌ರೋಲ್ ಮತ್ತೆ ಬಿಚ್ಚಿದೆ.
ಪ್ರತಿ ಪುಟದ ಬಲಗಡೆ ಷರಾ ಅಂತ ಒಂದು ಕಾಲಂ.
ಹನ್ನೊಂದು ವರ್ಷದಿಂದ ಖಾಲಿ.
ಕಿವಿಯ ಸಂದಿನ ಪೆನ್ಸಿಲ್ ತೆಗೆದವನು
ಅದನ್ನು ಕೆಳಗಿಟ್ಟು
ಪೆನ್ನು ಹುಡುಕಿದೆ.