ಫಾಗ್ ಅಂದರೆ ಮಂಜಲ್ಲ

"ಮರಿಗಳನ್ನ ಫಾಗಿಗೆ ಹೊಡಿ" ಅಂದಳು ಮುದುಕಿ ಐವ್ಸನ್,
ಗಂಬೂಟಿನೊಳಕ್ಕೆ ಕಾಲು ತೂರಿಸುತ್ತ.
ಆಗಸ್ಟ್ ಕೊನೆ. ಯಾರ್ಕ್‌ಶೈರಿನ ಆ ಕಣಿವೆಯ ಮೇಲೆ
ಒಗೆದು ಹರವಿದ ಹಾಗೆ ಆಕಾಶ.
ಡೊರಿನ್ ಮೇಲೆ ನೋಡಿದ, ಕೆಳಗೆ ನೋಡಿದ,
ಹೊಳೆಯ ಕಡೆಗೂ ಒಮ್ಮೆ.
ಮಂಜು ಎಲ್ಲೂ ಇರಲಿಲ್ಲ.

ರೊಮೇನಿಯಾದಿಂದ ಬಂದು ಹನ್ನೊಂದು ದಿನ.
ಅವನ ಇಂಗ್ಲಿಷು ಶಾಲೆಯದು, ಇಸ್ತ್ರಿ ಮಾಡಿದ್ದು;
ಅದರಲ್ಲಿ ಫಾಗ್ ಎಂದರೆ ಮಂಜು,
ಮಂಜು ಎಂದರೆ ಲಂಡನ್ನು.
ಕೇಳಿದರೆ ಹೊಸಬ ಅಂತ ಗೊತ್ತಾಗುತ್ತದೆ.
ಕೇಳಲಿಲ್ಲ.
ಮರಿಗಳನ್ನು ಗುಡ್ಡದ ನೆತ್ತಿಗೆ ಹತ್ತಿಸಿ
ಸಂಜೆಯ ತನಕ ಮಂಜಿಗೆ ಕಾದು ಕೂತ.
ನಾಯಿ ಅವನನ್ನೇ ನೋಡುತ್ತಿತ್ತು,
ತಪ್ಪು ಗೊತ್ತಿದ್ದೂ ಹೇಳಲಾಗದವರ ಹಾಗೆ.

ಕತ್ತಲಾಗುವ ಹೊತ್ತಿಗೆ ಮುದುಕಿಯೇ ಹತ್ತಿ ಬಂದಳು.
ಬೈಯಲಿಲ್ಲ. ತೋಳು ಹಿಡಿದು ಇಳಿಸಿದಳು
ಜುಲೈಯಲ್ಲಿ ಕೊಯ್ದ ಹೊಲಕ್ಕೆ.
ಬೂಟಿನ ತುದಿಯಿಂದ ತೋರಿಸಿದಳು:
ಯಂತ್ರ ಹಾದ ದಾರಿಯಲ್ಲೇ ಗೇಣುದ್ದ ಹಸಿರು,
ತೆನೆಯಿಲ್ಲ, ಬೀಜವಿಲ್ಲ, ಬರೀ ಎಲೆ,
ಕರುವಿನ ಕಿವಿಯಷ್ಟು ಮೆತ್ತಗೆ.
"ಇದು ಫಾಗು. ಕೊಯ್ದ ಮೇಲೆ ಬಂದದ್ದು.
ಮರಿಗೆ ಒಳ್ಳೇದು. ಹಸುಗಳ ವಿಷಯದಲ್ಲಿ ಹುಷಾರು,
ಬಡ ಗುಡ್ಡದಿಂದಿಳಿಸಿ ಒಮ್ಮೆಲೇ ಬಿಟ್ಟರೆ
ಬಾಯಿ ತೆರೆದು, ಉಸಿರಿಗಾಗಿ ಕತ್ತು ಚಾಚಿ..."
ಮಾತು ಅಲ್ಲಿಗೆ ನಿಂತಿತು.
ಎಷ್ಟು ಹಸು, ಯಾವ ವರ್ಷ, ಹೇಳಲಿಲ್ಲ.
ಕೊಟ್ಟಿಗೆಯ ಆರು ಖಾಲಿ ಗೂಟಗಳಿಗೆ
ಅವಳು ಈಗಲೂ ಎಣ್ಣೆ ಹಚ್ಚುವುದನ್ನು
ಡೊರಿನ್ ನೋಡಿದ್ದ.

ಕುಕ್ಕರಿಸಿ ಒಂದು ಎಸಳು ಕಿತ್ತು ಕಚ್ಚಿದ.
"ಒತಾವ" ಅಂದ.
"ಏನು?"
"ನಮ್ಮಲ್ಲಿ ಇದು ಒತಾವ. ಮೊದಲ ಹುಲ್ಲು ಮಾರುತ್ತಿದ್ದಳು ಅಜ್ಜಿ.
ಇದನ್ನ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ."
ಮುದುಕಿ ಎರಡು ಸಲ ತಪ್ಪಾಗಿ ಅಂದಳು,
ಮೂರನೆಯ ಸಲ ಹೆಚ್ಚುಕಮ್ಮಿ ಬಂತು.

ಇದನ್ನು ಬರೆಯುವ ನನ್ನ ನಾಲಿಗೆಯಲ್ಲಿ
ಕೂಳೆ ಎಂಬುದೊಂದಿದೆ, ಕಬ್ಬಿಗೆ, ಭತ್ತಕ್ಕೆ.
ಹುಲ್ಲಿಗೂ ಹಾಗೆನ್ನುವರೋ ಇಲ್ಲವೋ,
ಅವರಿಬ್ಬರ ನಡುವೆ ಸುಮ್ಮನೆ ಇಟ್ಟಿದ್ದೇನೆ.

ಮಾರನೆ ಬೆಳಿಗ್ಗೆ ಎದ್ದರೆ ಹೊಲವೇ ಕಾಣುತ್ತಿಲ್ಲ;
ಹೊಳೆಯಿಂದ ಎದ್ದು ನಿಂತಿದೆ ನಿಜದ ಮಂಜು.
ಒಳಗೆಲ್ಲೋ ಹಲ್ಲಿಗೆ ಹುಲ್ಲು ಹರಿಯುವ ಸದ್ದು.
"ಎಲ್ಲಿವೆ?" ಕಿಟಕಿಯಿಂದ ಕೂಗಿದಳು ಐವ್ಸನ್.
ಡೊರಿನ್ ಕೈಯುಜ್ಜಿಕೊಂಡ.
"ಫಾಗಿನಲ್ಲೇ."