ಎರಡನೇ ದಾರಿ

ಶುಕ್ರವಾರ, ಸೊಹಾರ್. ಬಂದರಿನ ಕ್ಲಿಯರಿಂಗ್ ಆಫೀಸಿಗೆ ರಜೆ.
ಎಸಿಗೂ ರಜೆ ಕೊಟ್ಟಿದ್ದಾರೆ ಪುಣ್ಯಾತ್ಮರು.
ನಾನು, ಏಣಿ, ಬೀಗದ ಕೈ ಹಿಡಿದು ನಿಂತ ದಿಲ್‌ಬಹಾದುರ್.

ಹೋದ ವಾರ ರಸ್ತೆ ಅಗೆಯುವ ಜೆಸಿಬಿ
ಒಂದೇ ಏಟಿಗೆ ಫೈಬರ್ ಕತ್ತರಿಸಿತು.
ಒಂದು ಅರ್ಜಿ ಕಸ್ಟಮ್ಸ್ ತನಕ ಹೋಗದೆ
ಹದಿನೇಳು ಲಾರಿ ಈರುಳ್ಳಿ ಗೇಟಿನ ಹೊರಗೆ
ಮೂರು ದಿನ ಬೆವರಿ, ನಾರಿತು.
ಅರ್ಬಾಬ್ ಹೇಳಿದರು: ಇನ್ನೊಂದು ಲೈನ್ ಹಾಕು.

ಅದೇ ಕಂಪನಿಯದು ಬೇಡ ಅಂದೆ.
ಒಂದೇ ಗುಂಡಿಯಲ್ಲಿ ಮಲಗಿದ ಎರಡು ಕೇಬಲ್ಲು
ಬಿಲ್ಲಿಗೆ ಎರಡು, ಜೆಸಿಬಿಗೆ ಒಂದು.
ಹಾಗಾಗಿ ತಾರಸಿಯಲ್ಲಿ ಆಂಟೆನಾ, ಬೇರೆಯವರ ಸಿಮ್ಮು,
ನೀರಿನ ಟ್ಯಾಂಕಿನ ನೆರಳಿಗೆ ಕಟ್ಟಿದ ಡಬ್ಬಿ.

ರೂಟರಿಗೆ ಹೇಳಿಕೊಡುವುದು ಸುಲಭ:
ಇವನಿಗೆ ಒಂದು, ಅವನಿಗೆ ಹತ್ತು,
ಕಡಿಮೆ ಅಂಕಿಯವನೇ ಮೊದಲು.
ಕಷ್ಟ ಇರುವುದು ಸತ್ತದ್ದನ್ನು ಗುರುತಿಸುವುದರಲ್ಲಿ.
ಹಸಿರು ದೀಪ ನಂಬಬಾರದು. ರಸ್ತೆಯಲ್ಲಿ ತಂತಿ
ಬಾಯಿ ಬಿಟ್ಟು ಬಿದ್ದಿದ್ದರೂ ಗೋಡೆಯ ಪೆಟ್ಟಿಗೆ
ಇದ್ದೇನೆ, ಇದ್ದೇನೆ ಅನ್ನುತ್ತಿರುತ್ತದೆ.
ಪಕ್ಕದ ಮನೆಯವನನ್ನು ಕೇಳಿದರೆ ಊರೆಲ್ಲ ಕ್ಷೇಮ.
ಕೂಗಬೇಕಾದ್ದು ಕಡಲಾಚೆಯ ಒಂದು ವಿಳಾಸವನ್ನು,
ಎರಡು ಸೆಕೆಂಡಿಗೊಮ್ಮೆ.
ಐದು ಸಲ ಓಗೊಡದಿದ್ದರೆ ದಾರಿ ಬದಲಿಸು.

ಈಗ ಪರೀಕ್ಷೆ. ದಿಲ್‌ಬಹಾದುರ್, ಎಳೆ ಅದನ್ನು, ಆ ಹಳದಿಯನ್ನು.
ಹಾವಿನ ಬಾಲ ಹಿಡಿದವನಂತೆ ಎಳೆದ.
ಪರದೆಯಲ್ಲಿ ಉತ್ತರವಿಲ್ಲ. ಉತ್ತರವಿಲ್ಲ.
ನಾಲ್ಕು... ಏಳು... ಇಬ್ಬರೂ ಉಸಿರು ಹಿಡಿದಿದ್ದೇವೆ,
ಯಾಕೋ.
ಹನ್ನೊಂದಕ್ಕೆ ಬಂತು,
ಮೆಟ್ಟಿಲು ಹತ್ತಿ ಬಂದವನ ಹಾಗೆ ಏದುತ್ತ, ಒಂದು ಓ.

ಇನ್ನು ಮೇಲೆ ಇದೇನಾ, ಅಂದ ಅವನು.
ಅಲ್ಲಪ್ಪ, ಹಳೆಯದು ಬಂದರೆ ಇದು ಸರಿಯಬೇಕು,
ಬಂದ ಕೂಡಲೇ ಅಲ್ಲ, ಹತ್ತು ನಿಮಿಷ ನೋಡಿ,
ನಿಲ್ಲುತ್ತದೆ ಅಂತ ಖಾತ್ರಿಯಾದ ಮೇಲೆ.

ಹೇಳುತ್ತ ಹೇಳುತ್ತ ನಗು ಬಂತು.
ರಜೆಗೆ ಹೋದ ಪ್ರಸೂನನ ಬದಲಿಗೆ
ನಲವತ್ತು ದಿನಕ್ಕೆಂದು ಕರೆಸಿಕೊಂಡ ಆಳು ನಾನು.
ವೀಸಾ ಎರಡು ಸಲ ಹೊಸದಾಯಿತು.
ಡ್ರಾಯರಿನಲ್ಲಿ ಅವನ ಓದುವ ಕನ್ನಡಕ ಇನ್ನೂ ಇದೆ,
ಧೂಳು ಒರೆಸಿ ಇಡುತ್ತೇನೆ ಆಗಾಗ.

ಹಳದಿ ತಂತಿ ಮತ್ತೆ ಚುಚ್ಚಿದೆವು. ಹತ್ತು ನಿಮಿಷ.
ದಿಲ್‌ಬಹಾದುರ್ ಸುಲೈಮಾನಿ ತರಲು ಹೋದ.
ನಾನು ಡಬ್ಬಿಗೆ ಚೀಟಿ ಅಂಟಿಸಿದೆ,
ಅರಬಿಯಲ್ಲಿ, ಇಂಗ್ಲಿಷಿನಲ್ಲಿ,
ಕೆಳಗೆ ಜಾಗ ಉಳಿದದ್ದಕ್ಕೆ ಕನ್ನಡದಲ್ಲೂ:
ಇದು ಬದಲಿ. ಆರಿಸಬೇಡಿ.