ತುಂಬು

ಬ್ಯಾಡಗಿ ಪ್ಯಾಟ್ಯಾಗ ಎಂಟು ತಾಸು
ಮೆಣಸಿನಕಾಯಿ ತುಂಬು ಬಿಡಿಸಿ ಬಂದೇನಿ.
ಎಣ್ಣಿ ಹಚ್ಚಿದ್ರೂ, ಮಜ್ಜಿಗ್ಯಾಗ ಅದ್ದಿದ್ರೂ
ಕೈ ಇನ್ನಾ ಉರೀತಾವ,
ಮಾರಿ ಮುಟಗೊಳ್ಳೂ ಹಂಗಿಲ್ಲ.
ಕಾಯಿ ದಲಾಲರಿಗೆ, ಬಣ್ಣ ಫ್ಯಾಕ್ಟರಿಗೆ,
ಯಾರಿಗೂ ಬ್ಯಾಡಾದ ತುಂಬು ನನಗ.
ದಿನಾ ಒಂದು ಚೀಲ, ತಲಿಮ್ಯಾಲೆ.

ಹಿತ್ತಲದಾಗ ಗುಂಡಿ ಐತಿ, ಮೂರು ಮೊಳ ಆಳ.
ಮನಿ ಮಂದಿಗಿಂತ ಮೊದಲು
ಅದಕ್ಕ ಉಣ್ಣಾಕ ಹಾಕತೇನಿ.
ಹಿಂದಿನ ಮನಿ ಹುಸೇನಬಿ ಬೈತಾಳ,
“ಗಾಳಿ ಬಿಟ್ರ ಓಣಿಗಿ ಓಣೀನ ಸೀನತೈತಿ!”
ಆಷಾಢದಾಗ ಅಕೀನ ಬುಟ್ಟಿ ಹಿಡಕೊಂಡು ಬರತಾಳ,
ಕುಂಬಳ ಬಳ್ಳಿಗೆ ಒಂದೀಟು ಗೊಬ್ಬರ ಅಂತ.

ಮೊಮ್ಮಗಳು ದಾಕ್ಷಿ ಗುಂಡಿ ದಂಡಿಗೆ ಕುಂತು ಕೇಳತಾಳ:
“ಅಮ್ಮಾ, ಎರಿಹುಳಕ್ಕ ಖಾರ ಹತ್ತೂದಿಲ್ಲೇನ?”
ಹತ್ತತೈತಿ, ತಂಗಿ.
ಅದಕ್ಕ ಅವು ಮೊದಲನೇ ಪಂಕ್ತಿಗೆ ಬರೂದಿಲ್ಲ.

ಮೊದಲು ಕಾವು.
ಮಾಗಿ ಮುಂಜಾನೆ ಗುಂಡಿ ಹಬಿ ಬಿಡತೈತಿ
ಚಾದಂಗಡಿ ಪಾತೇಲಿ ಹಂಗ.
ಕೈ ಇಟ್ರ ಜ್ವರ ಬಂದ ಕೂಸಿನ ಹೊಟ್ಟಿ.
ಒಳಗ ಒಲಿ ಹೊತ್ತಿಸಿದವರು ಕಣ್ಣಿಗೆ ಕಾಣೂದಿಲ್ಲ,
ಅವರಿಗೆ ಹಾಜರಿ ಇಲ್ಲ, ವಾರದ ಬಟವಾಡೆ ಇಲ್ಲ.

ಆಮ್ಯಾಲೆ ಬಿಳಿ ಬೂಷ್ಟು.
ತುಂಬಿನಿಂದ ತುಂಬಿಗೆ, ಸೊಪ್ಪಿಯಿಂದ ಸಿಪ್ಪಿಗೆ
ಯಾರೋ ರಾತ್ರಿಯೆಲ್ಲಾ ಕುಂತು ಟಾಕಾ ಹಾಕಿದಂಗ.
ಹೊಲಗಿ ಅಲ್ಲದು, ನೋಡ.
ನೂಲು ಹಾಕಿ ಬಿಚ್ಚೂ ಕೆಲಸ.

ಗೊಣ್ಣಿಹುಳ ಬರತಾವ, ದಪ್ಪನ್ನವು, ಬೆಳ್ಳನ್ನವು,
ದೇಸಾಯರ ಮನಿ ಅಳಿಯನಂಗ
ಮಡಚಿಕೊಂಡು ಮಲಗಿದಲ್ಲೇ ತಿಂತಾವ.
ಮಳಿ ಬಿದ್ದು ಖಾರ ಇಳದ ಮ್ಯಾಲೆ,
ಎಲ್ಲಾರದೂ ಉಂಡಾದ ಮ್ಯಾಲೆ, ಎರಿಹುಳ.

ನಮ್ಮದು ಎರಿ ಭೂಮಿ.
ಹುಳದ ಹೆಸರು ಮಣ್ಣಿಗಿಟ್ರೋ
ಮಣ್ಣಿನ ಹೆಸರು ಹುಳಕ್ಕಿಟ್ರೋ.
ಇಟ್ಟವರು ಅದರಾಗ ಸೇರ್ಯಾರ,
ಕೇಳೂಣಂದ್ರ ಯಾರಿಲ್ಲ.

ಹ್ವಾದ ಮಾಗ್ಯಾಗ ಅವ್ವನ ಕೌದಿ ಹಾಕಿದೆ ಗುಂಡಿಗೆ.
ಇಲಿ ಕಡದಿತ್ತು, ಕಮಟು ವಾಸನಿ ಹಿಡದಿತ್ತು.
ಸುಡಾಕ ಮನಸಾಗಲಿಲ್ಲ.
ಅದರಾಗ ಅವ್ವನ ಎರಡು ಸೀರಿ, ಅಪ್ಪನ ಧೋತರ,
ನನ್ನ ಚೊಚ್ಚಲ ಕೂಸಿನ ಕುಂಚಗಿ
(ಆ ಕೂಸು ಉಳೀಲಿಲ್ಲ),
ಮತ್ತ ನನ್ನ ಗಂಡನ ಟೆರಿಕಾಟ್ ಅಂಗಿದೊಂದು ತುಂಡು.
“ಇದು ಹರಿಯೂದ ಇಲ್ಲ ನೋಡ” ಅಂತ
ಹಾವೇರಿ ಸಂತ್ಯಾಗ ಚೌಕಾಸಿ ಮಾಡದನ ತಂದಿದ್ದ.

ಮುಂಗಾರು ಹಿಡದಾಗ ತೋಡಿದೆ.
ಚಾಪುಡಿಯಂಥಾ ಕರಿ ಗೊಬ್ಬರ, ಉದುರು ಉದುರು.
ಘಾಟಿಲ್ಲ. ಮೂಸಿದ್ರ
ಕಾದ ಹೊಲಕ್ಕ ಹನಿ ಬಿದ್ದಂಥಾ ವಾಸನಿ.
ಸೀರಿ ಇಲ್ಲ. ಧೋತರ ಇಲ್ಲ.
ಕುಂಚಗಿ ಹುಡುಕಿದೆ.
ಭಾಳೊತ್ತು ಹುಡುಕಿದೆ, ಬೆರಳಿನಿಂದ ಜರಡಿ ಹಿಡದು.
ಒಂದು ಎಳಿ ಸಿಗಲಿಲ್ಲ.

ಸಿಕ್ಕಿದ್ದು ಅಂಗಿ ತುಂಡು, ಕಿಸೆ ಸಮೇತ,
ನೀಲಿ ಗೆರಿ ಒಂದೂ ಮಾಸಿಲ್ಲ.
ದಾಕ್ಷಿ ಬಿದ್ದು ಬಿದ್ದು ನಕ್ಕಳು,
“ಹುಳಕ್ಕ ಮುತ್ಯಾ ರುಚಿ ಹತ್ತಿಲ್ಲ!”
ನಾನೂ ನಕ್ಕೆ. ನಕ್ಕೋತನ
ಕಿಸೆದಾಗ ಕೈ ಹಾಕಿದೆ, ಹಳೇ ಚಟ,
ಅಂವ ಮಲಗಿದಾಗ ಚಿಲ್ಲರೆ ಹುಡುಕೂದು.

ತಣ್ಣನ್ನ ಮಣ್ಣು.
ಅದರಾಗ ಒಂದು ಎರಿಹುಳ, ಸಣ್ಣದು,
ಬೆರಳಿಗೆ ಸುತ್ತಿ ನೋಡಿ, ಬ್ಯಾಡನಿಸಿ, ಬಿಡ್ತು.

ಅಂಗೀನ ಹಂಗ ಹೊಳ್ಳಿ ಮುಚ್ಚಿದೆ.
ಬೀದ್ಯಾಗ ಟಂಟಂ ಹಾರ್ನ್ ಹೊಡೀತಿತ್ತು,
ಕೋಲ್ಡ್ ಸ್ಟೋರೇಜಿನ ಕಾಯಿ ಬಂದಾವಂತ.
ಹತ್ತಿ ಕುಂತ ಮ್ಯಾಲೆ ನೆನಪಾತು,
ಕೈ ತೊಳಕೊಂಡಿಲ್ಲ.